ಬಂತು ನೋಡು, ಹತ್ತು ಎಣಿಸು

ಮೊನ್ನೆ ಮಂಗಳವಾರ ಸಂಜೆ ಸಿಯಾಟಲ್‌ನ ಲೇಕ್ ಯೂನಿಯನ್ ಕೆರೆಯಲ್ಲಿ ನಮ್ಮ ಹಾಯಿದೋಣಿ ರೇಸಿನಲ್ಲಿ ಮೂರನೆಯದಾಗಿ ಗೆರೆ ದಾಟಿತು. ಬಹುಮಾನ ಅಂತ ಸಿಕ್ಕಿದ್ದು ಒಂದು ಸ್ಟಿಕ್ಕರ್, ಅದರಲ್ಲಿ ಕಂಚಿನ ಬಣ್ಣದ ಬಾತುಕೋಳಿ. ಅದನ್ನು ಹಿಡಿದುಕೊಂಡು ನಾನು ಅತ್ತದ್ದನ್ನು ಪಕ್ಕದ ದೋಣಿಯವರೂ ನೋಡಿದ್ದಾರೆ. ಸುದ್ದಿ ಕೇಳಿ ಕೆಲವರು ಗಾಬರಿಯಿಂದ ಫೋನ್ ಮಾಡಿದಿರಿ. ಏನೂ ಆಗಿಲ್ಲ, ಚೆನ್ನಾಗಿದ್ದೇನೆ. ಹದಿನಾರು ತಿಂಗಳ ನಂತರ ದೋಣಿ ಹತ್ತಿದ್ದೆ, ಅಷ್ಟೆ. ಆ ಹದಿನಾರು ತಿಂಗಳ ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದೇ, ಇಲ್ಲಿ ಮತ್ತೆ ಬರೆಯುವುದಿಲ್ಲ. ಋಣ ಹೇಳಿಕೊಳ್ಳಲು ಕೂತಿದ್ದೇನೆ.

ಸರದಿ ಹಾಕಿಕೊಂಡು ಬಿಸಿ ಸಾರು, ಮುದ್ದೆ ತಂದಿಟ್ಟ ಗೆಳತಿಯರು, ಮಗಳನ್ನು ಶಾಲೆಗೆ ಬಿಟ್ಟು ಕರೆತಂದ ಎದುರು ಮನೆಯವರು, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಆಫೀಸಿನವರು, ರಾತ್ರಿ ಪಾಳಿಯ ನರ್ಸ್‌ಗಳು, ರಕ್ತ ಕೊಟ್ಟ ಗುರುತಿಲ್ಲದ ಜನ, ಎಲ್ಲರಿಗೂ ಕೈಮುಗಿಯುತ್ತೇನೆ. ಮನೆಯವರಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಅವರಿಗೆ ಹೇಳಬೇಕಾದ್ದನ್ನು ಅವರಿಗೇ ಹೇಳಿದ್ದೇನೆ.

ಉಳಿದ ಬರಹವೆಲ್ಲ ಒಬ್ಬರಿಗೆ. ಹೆಸರು ಹಾಕಬಾರದು ಅಂತ ಅವರದೇ ಅಪ್ಪಣೆ. ನಾನು ಕರೆಯುವುದು ಅಕ್ಕ ಅಂತ. ಮಲ್ಪೆ ಕಡೆಯವರು, ಅರವತ್ತು ದಾಟಿದೆ, ನಮ್ಮ ದೋಣಿಯಲ್ಲಿ ಗಾಳಿ ನೋಡಿ ಹೇಳುವವರು.

ಗಾಳಿ ನೋಡುವುದೂ ಒಂದು ಕೆಲಸವೇ ಅಂತ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಈ ಕೆರೆಯಲ್ಲಿ ಅದೇ ದೊಡ್ಡ ಕೆಲಸ. ಸಮುದ್ರದ ಕಡೆ ಬ್ಯಾಲರ್ಡ್‌ನಲ್ಲಿ 1917ರಿಂದ ಲಾಕ್‌ಗಳಿವೆ, ಅಂದರೆ ಸಮುದ್ರದ ನೀರನ್ನು ಕೆರೆಯಿಂದ ಬೇರೆ ಇಡುವ ಗೇಟುಗಳು, ಹಾಗಾಗಿ ಇಲ್ಲಿ ಭರತ ಇಳಿತ ಇಲ್ಲ. ನೀರು ಸುಮ್ಮನಿರುತ್ತದೆ, ಆಟವಾಡುವುದೆಲ್ಲ ಗಾಳಿ. ಪಶ್ಚಿಮಕ್ಕೆ ಕ್ವೀನ್ ಆ್ಯನ್ ಗುಡ್ಡ, ಪೂರ್ವಕ್ಕೆ ಕ್ಯಾಪಿಟಲ್ ಹಿಲ್, ಉತ್ತರ ದಡದಲ್ಲಿ ಹಳೇ ಗ್ಯಾಸ್ ಕಾರ್ಖಾನೆಯ ತುಕ್ಕು ಹಿಡಿದ ಗೋಪುರಗಳಿರುವ ಪಾರ್ಕು. ಬೇಸಿಗೆಯ ಸಂಜೆ ಉತ್ತರದಿಂದ ಬರುವ ಗಾಳಿ ಇವೆಲ್ಲಕ್ಕೆ ತಾಗಿ ಒಡೆದು, ತುಣುಕು ತುಣುಕಾಗಿ ನೀರಿಗಿಳಿಯುತ್ತದೆ. ಇಳಿದ ಕಡೆ ನೀರು ಕಪ್ಪಗಾಗುತ್ತದೆ. ಆ ಕಪ್ಪು ಎಷ್ಟು ದೂರದಲ್ಲಿದೆ, ಯಾವ ದಿಕ್ಕಿನಿಂದ ಬರುತ್ತಿದೆ, ತಲುಪಲು ಎಷ್ಟು ಹೊತ್ತು ಬೇಕು ಅಂತ ಒಬ್ಬರು ಹೇಳುತ್ತಲೇ ಇರಬೇಕು. ಚುಕ್ಕಾಣಿ ಹಿಡಿದವರ ಕಣ್ಣು ಹಾಯಿಯ ಮೇಲೆ, ಹಗ್ಗ ಹಿಡಿದವರ ಕಣ್ಣು ಹಗ್ಗದ ಮೇಲೆ. "ಬಂತು ನೋಡು, ಹತ್ತು ಎಣಿಸು" ಅಂತ ಅಕ್ಕ ಕನ್ನಡದಲ್ಲೇ ಹೇಳುತ್ತಾರೆ. ನಮ್ಮ ಸ್ಕಿಪ್ಪರ್, ನಿವೃತ್ತ ಮೇಷ್ಟ್ರು, ಅಮೆರಿಕದವರು, ಅವರಿಗೂ ಆ ನಾಲ್ಕು ಪದ ಬಾಯಿಪಾಠ.

ಹಿರಿಯೂರು ಕಡೆ ನನ್ನಜ್ಜಿ ಕಣದಲ್ಲಿ ಮೊರ ಎತ್ತಿಕೊಂಡು ಗಾಳಿಗೆ ಕಾಯುತ್ತಾ ನಿಲ್ಲುತ್ತಿದ್ದಳು. ಬೇವಿನ ಮರದ ತುದಿ ಅಲ್ಲಾಡಿದ್ದೇ ಸುರಿಯಲು ಶುರು. ಗಾಳಿ ಬಂದಾಗ ತೂರಿಕೋ ಅನ್ನುವುದು ನಮ್ಮಲ್ಲಿ ಗಾದೆಯಾಗುವ ಮೊದಲು ಕೆಲಸವಾಗಿತ್ತು. ಅಕ್ಕನ ಪಕ್ಕ ಕೂತ ಮೊದಲ ಸಂಜೆ ನನಗೆ ನೆನಪಾದದ್ದು ಅಜ್ಜಿಯೇ. ಈಜು ಬಾರದ ಬಯಲುಸೀಮೆಯವಳು ಲೈಫ್ ಜಾಕೆಟ್ ಕಟ್ಟಿಕೊಂಡು ದೋಣಿಯಲ್ಲಿ ಕೂತು, ಇದು ನನಗೆ ಗೊತ್ತಿರುವ ವಿದ್ಯೆ ಅಂದುಕೊಂಡಿದ್ದೆ.

ಈಗ ಆ ಫೆಬ್ರವರಿಯ ರಾತ್ರಿ.

ಮಗಳಿಗೆ ಜ್ವರ, ಹಾಗಾಗಿ ಮನೆಯವರು ಆಸ್ಪತ್ರೆಗೆ ಬರುವಂತಿರಲಿಲ್ಲ. ಅಕ್ಕ ಬಂದರು. ಒಂದು ಗಂಟೆ ಕೂತು ಹೋಗುತ್ತಾರೆ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ನಡುಕ ಶುರುವಾಯಿತು. ಹಲ್ಲು ಕಟಕಟ ಅನ್ನುವಂಥದ್ದು, ಮಂಚವೇ ಅಲುಗುವಂಥದ್ದು. ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಅಕ್ಕ ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ನನಗಿಂತ ಮೊದಲೇ ಅವರಿಗೆ ಅದು ಹೇಗೋ ತಿಳಿಯುತ್ತಿತ್ತು. ಬೆರಳು ಬಿಗಿಯುವುದರಿಂದಲೋ, ಉಸಿರು ಬದಲಾಗುವುದರಿಂದಲೋ. "ಬಂತು ನೋಡು, ಹತ್ತು ಎಣಿಸು ಮಾರಾಯ್ತಿ." ಎಣಿಸುತ್ತಿದ್ದೆ. ಕೆಲವು ಸಲ ಹತ್ತು ಸಾಲುತ್ತಿರಲಿಲ್ಲ. "ಇನ್ನೊಂದು ಹತ್ತುಂಟು" ಅನ್ನುತ್ತಿದ್ದರು.

ಎಲ್ಲ ಸರಿಹೋಗುತ್ತದೆ ಅಂತ ಆ ರಾತ್ರಿ ಅವರು ಒಮ್ಮೆಯೂ ಹೇಳಲಿಲ್ಲ. ಧೈರ್ಯವಾಗಿರು ಅನ್ನಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ, ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿಕೊಳ್ಳುವ ಮೊದಲು ದೇವರಿಗೆ ದೀಪ ಹಚ್ಚುವವರು ಅವರು. ಮುಂದಿನ ಒಂದು ನಿಮಿಷದಲ್ಲಿ ಏನು ಬರುತ್ತದೋ ಅಷ್ಟನ್ನೇ ಹೇಳಿದರು. ಅದಕ್ಕಿಂತ ಆಚೆಯದನ್ನು ಕೇಳುವ ಶಕ್ತಿ ನನಗಿರಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಬೆಳಗಿನ ಜಾವ ಮೂರಕ್ಕೆ, ಹಿರಿಯೂರಿನಲ್ಲಿ ಆಗ ಸಂಜೆ ನಾಲ್ಕೂವರೆ, ಅಮ್ಮ ಫೋನ್ ಮಾಡಿದರು. ನನ್ನ ಕೈಲಿ ಮಾತಾಡಲು ಆಗಲಿಲ್ಲ. ಅಕ್ಕ ಫೋನ್ ಎತ್ತಿಕೊಂಡು, "ಅಮ್ಮಾ, ನಾನು ಇಲ್ಲೇ ಇದ್ದೇನೆ, ಅವಳ ಕಾಲು ನನ್ನ ಕೈಯಲ್ಲೇ ಉಂಟು" ಅಂದರು. ಅಮ್ಮ ಈಗಲೂ ಆ ಮಾತನ್ನು ಹೇಳಿಕೊಂಡು ಕಣ್ಣು ಒರೆಸಿಕೊಳ್ಳುತ್ತಾರೆ.

ಫೋನ್ ಇಟ್ಟ ಮೇಲೆ ನಾನು, ಅಕ್ಕಾ ನನಗೆ ಸಾಕು, ಇನ್ನು ಬೇಡ, ಬಿಟ್ಟುಬಿಡಿ ಅಂದೆ. ಮನಸ್ಸಿನಲ್ಲಿದ್ದದ್ದೇ ಅಂದೆ. ಮಗಳ ಮುಖವೂ ಆ ಕ್ಷಣ ಕಣ್ಣಿಗೆ ಬರಲಿಲ್ಲ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಕ್ಕ ಬೈಯಲಿಲ್ಲ, ಬಾಯಿ ಮುಚ್ಚಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು. ಈಗ ಬರುವ ಇದೊಂದನ್ನು ದಾಟುವ. ಆಮೇಲೆ ಮಾತಾಡುವ" ಅಂದರು. ದಾಟಿದೆವು. ಆಮೇಲಿನದ್ದನ್ನೂ ಹಾಗೇ ದಾಟಿದೆವು. ಬೆಳಕು ಹರಿಯುವ ಹೊತ್ತಿಗೆ ನಡುಕ ನಿಂತಿತ್ತು. ಅಕ್ಕ ಕೂತಲ್ಲೇ ನಿದ್ದೆ ಹೋಗಿದ್ದರು, ಪಾದ ಮಾತ್ರ ಬಿಟ್ಟಿರಲಿಲ್ಲ.

ಇನ್ನು ಮೊನ್ನೆಯ ರೇಸು. ಡಕ್ ಡಾಡ್ಜ್ ಅಂತ ಹೆಸರು, 1974ರಿಂದ ಬೇಸಿಗೆಯ ಮಂಗಳವಾರಗಳಂದು ನಡೆಯುತ್ತಾ ಬಂದಿದೆ. ನಮ್ಮದು ಥಂಡರ್‌ಬರ್ಡ್ ದೋಣಿ, 26 ಅಡಿ, ಪ್ಲೈವುಡ್ಡಿನದು, 1958ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿದ ವಿನ್ಯಾಸ. ಮೊದಲೆಲ್ಲ ಮುಂದಿನ ಹಾಯಿ, ಅಂದರೆ ಜಿಬ್, ಅದರ ಹಗ್ಗ ನನ್ನ ಕೈಯಲ್ಲಿರುತ್ತಿತ್ತು. ಔಷಧಿಯ ನಂತರ ಬೆರಳ ತುದಿ ಮರಗಟ್ಟಿದೆ, ಹಗ್ಗ ಜಾರಿದರೂ ಗೊತ್ತಾಗುವುದಿಲ್ಲ. ಸುಮ್ಮನೆ ಕೂತು ಬರುತ್ತೇನೆ ಅಂತ ಹೋದವಳು ನಾನು. ದೋಣಿ ಹತ್ತಿದ ಕೂಡಲೇ ಅಕ್ಕ ಜಿಬ್ ಹಗ್ಗವನ್ನು ತಾವೇ ವಿಂಚಿಗೆ, ಅಂದರೆ ಹಗ್ಗ ಬಿಗಿಯುವ ರಾಟೆಗೆ, ಸುತ್ತಿಕೊಂಡು, "ಗಾಳಿ ನೀನು ನೋಡು" ಅಂದರು. ಆ ಮಂಡಿನೋವಿನಲ್ಲಿ, ಆ ವಯಸ್ಸಿನಲ್ಲಿ, ತಮ್ಮ ಜಾಗ ನನಗೆ ಬಿಟ್ಟುಕೊಟ್ಟರು. ಸ್ಕಿಪ್ಪರ್ ಒಂದು ಮಾತೂ ಆಡದೆ ತಲೆಯಾಡಿಸಿದರು.

ನನ್ನ ಮೊದಲ ಕೂಗೇ ತಪ್ಪಾಯಿತು. ನೀರು ಕದಡಿದ್ದನ್ನು ಕಂಡು ಗಾಳಿ ಬಂತು ಅಂದೆ, ಅದು ಆಗಷ್ಟೇ ಇಳಿದ ಸೀಪ್ಲೇನಿನ ಅಲೆ. ಅಲ್ಲಿಗೆ ಹೋಗಿ ನಿಂತೇಬಿಟ್ಟೆವು. ಗಾಳಿ ಬರುವ ಕಡೆಯಿದ್ದ ದೋಣಿಯೊಂದು ಮುಂದಾಗಿ, ಇದ್ದ ಗಾಳಿಗೂ ಅಡ್ಡ ಬಂತು. ನನ್ನ ಗಂಟಲು ಕಟ್ಟಿತು. ಯಾರೂ ತಿರುಗಿ ನೋಡಲಿಲ್ಲ. ಅಕ್ಕ ಜಿಬ್ ಮೇಲಿನ ಕಣ್ಣು ತೆಗೆಯದೆ, "ಮುಂದಿನದ್ದು ಎಲ್ಲುಂಟು?" ಅಂದರು.

ಪೂರ್ವದ ದಡ, ತೇಲುಮನೆಗಳ ಕಡೆ. ಅಲ್ಲಿ ನೀರು ನಿಜವಾಗಿಯೂ ಕಪ್ಪಗಾಗುತ್ತಿತ್ತು. ಅತ್ತ ಹೋಗಲು ಟ್ಯಾಕ್ ಮಾಡಿದರೆ, ಅಂದರೆ ಮೂತಿಯನ್ನು ಗಾಳಿಗೆದುರಾಗಿ ದಾಟಿಸಿ ದೋಣಿ ತಿರುಗಿಸಿದರೆ, ಗಾಳಿ ನಮಗೆ ಎಡಗಡೆಗಾಗುತ್ತದೆ, ಆಗ ಬಲಗಡೆ ಗಾಳಿ ಇರುವ ದೋಣಿಗಳಿಗೆಲ್ಲ ನಾವೇ ದಾರಿ ಬಿಡಬೇಕು. ಬಿಟ್ಟೆವು, ಎರಡು ದೋಣಿಗಳ ಬೆನ್ನ ಹಿಂದೆ ನುಸುಳಿ ಹೋದೆವು. ನೋಡುವವರಿಗೆ ಸೋಲೊಪ್ಪಿಕೊಂಡ ಹಾಗೆ ಕಂಡಿರಬೇಕು. ನಾನು ಹತ್ತು ಎಣಿಸಿದೆ. ಎಂಟಕ್ಕೇ ಗಾಳಿ ತಲುಪಿತು, ಅದೂ ಈಶಾನ್ಯಕ್ಕೆ ವಾಲಿ. ದೋಣಿಯ ಮೂತಿ ಗುರಿಯಿಂದ ಆಚೆ ತಳ್ಳಿಕೊಂಡಿತು. ಈಗ ಅಂದೆ. ಸ್ಕಿಪ್ಪರ್ ಚುಕ್ಕಾಣಿ ತಳ್ಳಿದರು, ಅಕ್ಕ ಹಗ್ಗ ಬಿಟ್ಟು ಆಚೆಯದನ್ನು ಎಳೆದರು, ಮುಂದೆ ನಿಂತಿದ್ದ ಕಾಲೇಜು ಹುಡುಗ ಹಾಯಿಯನ್ನು ಕೈಯಿಂದಲೇ ಈಚೆ ದಾಟಿಸಿದ. ತಿರುಗಿದ ಮೇಲೆ ನೋಡಿದರೆ ಅದೇ ಗಾಳಿ ನಮ್ಮನ್ನು ನೇರ ಬೋಯ್, ಅಂದರೆ ಸುತ್ತಿ ಬರಬೇಕಾದ ತೇಲುಗುರುತಿನ ಕಡೆಗೆ ಎತ್ತಿಕೊಂಡು ಹೋಗುತ್ತಿತ್ತು, ಪಶ್ಚಿಮಕ್ಕೆ ಹೋದವರೆಲ್ಲ ಹಿಂದೆ ಉಳಿದಿದ್ದರು. ನಾಲ್ಕನೆಯವರಾಗಿ ಬೋಯ್ ಸುತ್ತಿದೆವು, ಸ್ಪಿನೇಕರ್ ಅನ್ನುವ ಬಲೂನಿನಂಥ ಹಾಯಿ ಏರಿಸಿ ಗಾಳಿಯ ಜೊತೆ ಹಿಂದಿರುಗುವಾಗ ಇನ್ನೊಂದು ದೋಣಿಯನ್ನು ದಾಟಿದೆವು.

ಸ್ಟಿಕ್ಕರ್ ನನಗೇ ಇರಲಿ ಅಂದರು ಎಲ್ಲರೂ. ಅದನ್ನು ಅಕ್ಕನ ಸ್ಟೀಲ್ ಫ್ಲಾಸ್ಕಿಗೆ ಅಂಟಿಸಿದ್ದೇನೆ. ಆ ರಾತ್ರಿ ಆಸ್ಪತ್ರೆಗೆ ಶುಂಠಿ ಕಷಾಯ ತಂದಿದ್ದ ಫ್ಲಾಸ್ಕ್.

ಅಕ್ಕಾ, ನಿನ್ನೆ ಮಗಳಿಗೆ ಜಡೆ ಹಾಕುವಾಗ ಬಲಗೈಯ ಎರಡು ಬೆರಳಿಗೆ ಕೂದಲ ಎಳೆ ತಿಳಿಯಿತು. ಬರುವ ಮಂಗಳವಾರ ಜಿಬ್ ಹಗ್ಗ ಒಂದು ಸುತ್ತಿನ ಮಟ್ಟಿಗೆ ನನ್ನ ಕೈಗೆ ಕೊಟ್ಟು ನೋಡಿ. ಗಾಳಿ ನೀವು ಹೇಳಿ.