ಕೆನ್ ಬುಕನನ್ ಪರವಾಗಿ ಅಪ್ಪಾಜಿಗೆ ಒಂದು ಕಾಗದ

ಗ್ಲಾಸ್ಗೋ

ತೀರ್ಥರೂಪು ಅಪ್ಪಾಜಿಯವರ ಪಾದಗಳಿಗೆ ನಿಮ್ಮ ಮಗನ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅಮ್ಮ, ತಂಗಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಸ್ಕಾಟ್‌ಲ್ಯಾಂಡಿನ ಬಾಕ್ಸರುಗಳಲ್ಲಿ ಯಾರು ದೊಡ್ಡವನು, ಸುತ್ತಿಬಳಸದೆ ಒಂದೇ ಹೆಸರು ಹೇಳು ಎಂದು ಹೋದ ಕಾಗದದಲ್ಲಿ ಕೇಳಿದ್ದಿರಿ. ನನ್ನ ಉತ್ತರ ಕೆನ್ ಬುಕನನ್. ಆದರೆ ಈ ಹೆಸರನ್ನು ಆಫೀಸಿನ ಊಟದ ಮೇಜಿನ ಮುಂದೆ ಹೇಳಿದ ದಿನ, ಗ್ಲಾಸ್ಗೋದಲ್ಲೇ ಹುಟ್ಟಿ ಬೆಳೆದ ಇಬ್ಬರು ಸಹೋದ್ಯೋಗಿಗಳು ಊರದೇವರನ್ನು ಬಿಟ್ಟು ಪರವೂರಿನ ಜಾತ್ರೆಗೆ ಹೊರಟವನನ್ನು ನೋಡುವಂತೆ ನನ್ನನ್ನು ನೋಡಿದರು. ಬುಕನನ್ ಎಡಿನ್‌ಬರೋದವನು, ಅವರ ದೇವರು ಬೆನ್ನಿ ಲಿಂಚ್.

ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕ್ಲೈಡ್ ನದಿಯ ದಕ್ಷಿಣಕ್ಕಿರುವ ಗಾರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ 1913ರಲ್ಲಿ ಹುಟ್ಟಿದ ಲಿಂಚ್, ಜಾತ್ರೆಗಳಲ್ಲಿ ಡೇರೆ ಹಾಕಿ ನಡೆಸುತ್ತಿದ್ದ ಪಂದ್ಯಗಳಲ್ಲಿ ಬಂದವರೊಡನೆಲ್ಲ ಹೊಡೆದಾಡಿ ಪಳಗಿದವನು. 1935ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಹೋಗಿ, ಅಲ್ಲಿಯವನೇ ಆದ ಜಾಕಿ ಬ್ರೌನನನ್ನು ಎರಡೇ ಸುತ್ತುಗಳಲ್ಲಿ ಮತ್ತೆ ಮತ್ತೆ ಕೆಡವಿ, ಐವತ್ತೊಂದು ಕಿಲೋದೊಳಗಿನವರ ಫ್ಲೈವೇಟ್ ವಿಶ್ವಪಟ್ಟವನ್ನು ಗೆದ್ದ. ಅಮೆರಿಕದವರು ತಮ್ಮ ಚಾಂಪಿಯನ್ ಎಂದು ಮಾನ್ಯಮಾಡಿದ್ದ ಸ್ಮಾಲ್ ಮೊಂಟಾನಾನನ್ನೂ 1937ರಲ್ಲಿ ಸೋಲಿಸಿದ ಮೇಲೆ ಆ ತೂಕದಲ್ಲಿ ಅವನ ಎದುರು ಇನ್ನೊಬ್ಬ ಹಕ್ಕುದಾರನೇ ಉಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಹತ್ತೊಂಬತ್ತರ ಹುಡುಗ ಪೀಟರ್ ಕೇನ್‌ನನ್ನು ಗ್ಲಾಸ್ಗೋದ ಶಾಫೀಲ್ಡ್ ಮೈದಾನದಲ್ಲಿ ಹದಿಮೂರನೆಯ ಸುತ್ತಿಗೆ ಮಲಗಿಸಿದ.

ಆಮೇಲಿನದನ್ನು ಬರೆಯಲು ಮನಸ್ಸು ಬರುವುದಿಲ್ಲ. 1938ರ ಜೂನ್‌ನಲ್ಲಿ ಜಾಕಿ ಜ್ಯೂರಿಚ್‌ನೊಡನೆ ಸೆಣಸುವ ಮುನ್ನ ತಕ್ಕಡಿ ಹತ್ತಿದಾಗ ಲಿಂಚ್ ಮಿತಿಗಿಂತ ಸುಮಾರು ಮೂರು ಕಿಲೋ ಹೆಚ್ಚು ತೂಗಿದ. ಪಂದ್ಯವನ್ನು ಗೆದ್ದರೂ ಪಟ್ಟ ತಕ್ಕಡಿಯಲ್ಲೇ ಹೋಗಿತ್ತು. ಕುಡಿತ ಹತ್ತಿತ್ತು, ಅದೇ ವರ್ಷ ಕೊನೆಯ ಪಂದ್ಯವಾಡಿದ, 1946ರಲ್ಲಿ ಮೂವತ್ತಮೂರನೆಯ ವಯಸ್ಸಿಗೆ ತೀರಿಕೊಂಡ. ಗರಡಿಯ ಶಿಸ್ತು ಮುರಿದವನನ್ನು ಪೈಲ್ವಾನನೆಂದು ಕರೆಯಬಾರದು ಎಂಬ ನಿಮ್ಮ ಮಾತು ನನಗೆ ಗೊತ್ತಿದೆ, ಆದರೆ ಈ ಒಂದು ವಿಷಯದಲ್ಲಿ ನಾನು ನಿಮ್ಮ ಮಾತನ್ನು ಒಪ್ಪಲಾರೆ. ಐವತ್ತೊಂದು ಕಿಲೋದೊಳಗೆ ಇರಲೇಬೇಕೆಂದು ಬೆಳೆಯುವ ದೇಹವನ್ನು ಒಣಗಿಸಿಕೊಂಡವನ ಸೋಲನ್ನು ಬರೀ ಶಿಸ್ತಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ನಾನು ಅವನನ್ನು ಎರಡನೆಯವನೆನ್ನುವುದು ಕುಡಿತದ ಕಾರಣಕ್ಕಲ್ಲ, ಅವನ ದೊಡ್ಡ ಗೆಲುವುಗಳೆಲ್ಲ ಬ್ರಿಟನ್ನಿನೊಳಗೇ ಆದವು ಎಂಬ ಕಾರಣಕ್ಕೆ.

ಪರವೂರಿನ ಮಟ್ಟಿಯಲ್ಲಿ, ಪರರ ತೀರ್ಪುಗಾರರ ಮುಂದೆ ಗೆದ್ದದ್ದೇ ಗೆಲುವು ಎಂದು ಹೇಳಿಕೊಟ್ಟವರು ನೀವೇ ಅಲ್ಲವೇ? ಬುಕನನ್ 1970ರ ಸೆಪ್ಟೆಂಬರಿನಲ್ಲಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ, ಈ ಚಳಿಯ ನಾಡಿನವನಿಗೆ ನಿಂತರೇ ಬೆವರುವಂಥ ಸುಡುಬಿಸಿಲಿನಲ್ಲಿ, ಹದಿನೈದು ಸುತ್ತು ಹೋರಾಡಿ ಪನಾಮಾದ ಇಸ್ಮಾಯೆಲ್ ಲಗೂನಾನಿಂದ, ಸುಮಾರು ಅರವತ್ತೊಂದು ಕಿಲೋದೊಳಗಿನವರ ಲೈಟ್‌ವೇಟ್ ವಿಶ್ವಪಟ್ಟವನ್ನು ಕಸಿದುಕೊಂಡ. ಪಟ್ಟ ಕೊಡುವ ಸಂಸ್ಥೆ ಸಂಸ್ಥೆಗಳ ನಡುವಿನ ಜಗಳದಿಂದಾಗಿ ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯೇ ಆ ಗೆಲುವಿಗೆ ಮೊದಲು ಮಾನ್ಯತೆ ಕೊಡಲಿಲ್ಲ. ಮರುವರ್ಷ ನ್ಯೂಯಾರ್ಕಿನಲ್ಲಿ, ಕಣ್ಣಿನ ಬಳಿ ಸೀಳಿಕೊಂಡು ರಕ್ತ ಸುರಿಯುತ್ತಿದ್ದರೂ, ಅದೇ ಲಗೂನಾನನ್ನು ಮತ್ತೊಮ್ಮೆ ಸೋಲಿಸಿದ.

1972ರ ಜೂನ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಅದೇ ಪಟ್ಟಕ್ಕಾಗಿ, ಪನಾಮಾದ ಇನ್ನೊಬ್ಬ ಬಾಕ್ಸರ್ ರೊಬೆರ್ಟೊ ಡುರಾನ್ ಎದುರಾದ. ಹದಿಮೂರನೆಯ ಸುತ್ತಿನ ಗಂಟೆಯ ಆಸುಪಾಸಿನಲ್ಲಿ ಬುಕನನ್ ತೊಡೆಸಂದಿಗೆ ಪೆಟ್ಟು ಬಿದ್ದು ಕುಸಿದ. ರೆಫರಿ ಪಂದ್ಯವನ್ನು ನಿಲ್ಲಿಸಿ ಡುರಾನನ ಕೈ ಎತ್ತಿದ. ಆ ಪೆಟ್ಟು ಮುಷ್ಟಿಯದೋ ಮೊಣಕಾಲಿನದೋ ಎಂದು ಇಲ್ಲಿಯ ಹಿರಿಯರು ಇಂದಿಗೂ ಕೂಗಾಡುತ್ತಾರೆ. ಆ ಹೊತ್ತಿಗೆ ಅಂಕಗಳಲ್ಲಿ ಬುಕನನ್ ಹಿಂದೆ ಬಿದ್ದಿದ್ದನೆಂಬುದನ್ನು ನನ್ನ ಪಕ್ಷದವನಾದರೂ ನಾನು ಮುಚ್ಚಿಡಲಾರೆ. ಆದರೆ ಡುರಾನ್ ಅವನಿಗೆ ಮರುಪಂದ್ಯವನ್ನು ಎಂದೂ ಕೊಡಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಗ್ಲಾಸ್ಗೋದವನೇ ಆದ ಜಿಮ್ ವಾಟ್‌ನ ಹೆಸರನ್ನು ತಂದವರೂ ಇದ್ದಾರೆ. 1979ರಲ್ಲಿ ಇಲ್ಲಿಯ ಕೆಲ್ವಿನ್ ಹಾಲ್‌ನಲ್ಲಿ ಲೈಟ್‌ವೇಟ್ ಪಟ್ಟ ಗೆದ್ದು ನಾಲ್ಕು ಬಾರಿ ಉಳಿಸಿಕೊಂಡನೆಂಬುದು ನಿಜ, ಆದರೆ ಆ ನಾಲ್ಕೂ ಗ್ಲಾಸ್ಗೋದಲ್ಲೇ. ಸಾಲದ್ದಕ್ಕೆ 1973ರಲ್ಲಿ ಇದೇ ಊರಿನಲ್ಲಿ ಬುಕನನ್ ಅವನನ್ನು ಸೋಲಿಸಿದ್ದ. ನನ್ನ ಮಟ್ಟಿಗೆ ಆ ಚರ್ಚೆ ಅಲ್ಲಿಗೆ ಮುಗಿಯಿತು.

ಕಷ್ಟ ಕೊಡುವವನು ಜಾಶ್ ಟೇಲರ್. ಇಂದು ಒಂದೊಂದು ತೂಕಕ್ಕೂ ನಾಲ್ಕು ಸಂಸ್ಥೆಗಳು ನಾಲ್ಕು ಪಟ್ಟಗಳನ್ನು ಕೊಡುತ್ತಿರುವಾಗ, 2021ರ ಮೇನಲ್ಲಿ ಲಾಸ್ ವೇಗಸ್‌ಗೆ ಹೋಗಿ, ಸೋಲರಿಯದ ಹೋಸೆ ರಮಿರೆಸ್‌ನನ್ನು ಎರಡು ಬಾರಿ ಕೆಡವಿ, ತನ್ನ ಹದಿನೆಂಟನೆಯ ಪಂದ್ಯದಲ್ಲೇ ನಾಲ್ಕನ್ನೂ ಒಟ್ಟುಗೂಡಿಸಿದ. ಬ್ರಿಟನ್ನಿನಲ್ಲಿ ಇದನ್ನು ಅವನಿಗಿಂತ ಮೊದಲು ಯಾರೂ ಮಾಡಿರಲಿಲ್ಲ. ಆದರೆ ಮರುವರ್ಷ ಗ್ಲಾಸ್ಗೋದಲ್ಲಿ ಇಂಗ್ಲೆಂಡಿನ ಜ್ಯಾಕ್ ಕ್ಯಾಟರಲ್ ಅವನನ್ನು ಕೆಡವಿದರೂ ತೀರ್ಪು ಟೇಲರ್ ಕಡೆಗೇ ಬಂದಿತು. ಅವನ ನಾಡಿನವರೇ ಅದನ್ನು ಕೇಳಿ ಮುಖ ಮುಖ ನೋಡಿಕೊಂಡರು. ಪಾಯಿಂಟ್ ಕುಸ್ತಿಯನ್ನು ನೀವೇಕೆ ಬೈಯುತ್ತೀರಿ ಎಂಬುದು ನನಗೆ ಆಗ ಅರ್ಥವಾಯಿತು. ಚಿತ್ ಆದವನು ಸೋತ ಎನ್ನುವ ನಮ್ಮ ನಾಡಕುಸ್ತಿಯಲ್ಲಿ ಈ ತಕರಾರಿಗೆ ಎಡೆಯೇ ಇಲ್ಲ.

ತಂಗಿಗೆ ಹೇಳಿ: ಬಾಕ್ಸಿಂಗ್‌ನಲ್ಲಿ ವಿಶ್ವಪಟ್ಟ ಗೆದ್ದ ಇಲ್ಲಿಯ ಹ್ಯಾನಾ ರ‍್ಯಾಂಕಿನ್, ಬಸೂನ್ ಎಂಬ ಊದುವ ವಾದ್ಯವನ್ನು ಕಛೇರಿಗಳಲ್ಲಿ ನುಡಿಸುವ ಸಂಗೀತಗಾರ್ತಿಯೂ ಹೌದು. ವೀಣೆಯ ಪಾಠ ತಪ್ಪಿಸಲು ಕರಾಟೆಯ ನೆಪ ಇನ್ನು ನಡೆಯದು.

ಬುಕನನ್ 2023ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರಲ್ಲಿ, ಎಡಿನ್‌ಬರೋದಲ್ಲಿ ಅವನ ಪ್ರತಿಮೆ ನಿಂತಿತ್ತು. ಬರುವ ಶನಿವಾರ ಅಲ್ಲಿಗೆ ಹೋಗಿ ಫೋಟೋ ತೆಗೆದು ಕಳಿಸುತ್ತೇನೆ. ಡುರಾನನ ಆ ಪೆಟ್ಟಿನ ವೀಡಿಯೊವನ್ನು ತಂಗಿಯ ಫೋನಿಗೆ ಕಳಿಸಿದ್ದೇನೆ. ನಿಮ್ಮ ಉಸ್ತಾದರಿಗೂ ತೋರಿಸಿ, ಅದು ಮುಷ್ಟಿಯೋ ಮೊಣಕಾಲೋ ಎಂದು ಕೇಳಿ ಬರೆಯಿರಿ. ಊಟದ ಮೇಜಿನಲ್ಲಿ ನನಗೆ ಒಂದು ಮತ ಕಡಿಮೆ ಬಿದ್ದಿದೆ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಮಗ