ತುಂಗೆಯ ಕಣಿವೆಯಲ್ಲಿ ಸೈಕಲ್ ತುಳಿಯುವ ಮುನ್ನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಡಿಸೆಂಬರಿನಲ್ಲಿ ಗೆಳತಿಯರ ಜೊತೆ ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೊಪ್ಪ ಸುತ್ತಿ ಬರುತ್ತೇನೆ ಎಂದು ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ದಾರಿ ಒಳ್ಳೆಯದು, ತಿಂಗಳೂ ಒಳ್ಳೆಯದು. ಲೆಕ್ಕ ಮಾತ್ರ ತಪ್ಪಿದೆ. ಮೊದಲ ದಿನವೇ ಆಗುಂಬೆ ಮುಟ್ಟುವುದಕ್ಕೆ 90 ಕಿ.ಮೀ. ಇಟ್ಟುಕೊಂಡು, ‘ಹೊಳೆ ಪಕ್ಕದ ರಸ್ತೆ ತಾನೆ ಮಾವ, ನಂದಿ ಬೆಟ್ಟ ಹತ್ತಿದವರಿಗೆ ಇದೇನು ಮಹಾ’ ಅಂದಿದ್ದೀಯ. ಹೊಳೆ ಪಕ್ಕದ ರಸ್ತೆ ಅನ್ನುವುದೇ ಇಲ್ಲಿನ ಕಷ್ಟ, ಪುಟ್ಟಿ.

ನಂದಿಯಲ್ಲಿ ಒಂದೇ ಏರು. ಹತ್ತಿದರೆ ಮುಗಿಯಿತು, ಆಮೇಲೆ ಇಳಿಯುವುದಷ್ಟೇ. ಮಲೆನಾಡಿನ ಕಣಿವೆ ಹಾಗಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರ, ತೀರ್ಥಹಳ್ಳಿ ಸುಮಾರು 590. ಅರವತ್ತು ಕಿಲೋಮೀಟರಿಗೆ 20 ಮೀಟರ್ ಏರಿಕೆ ಅಂದರೆ ಕಾಗದದ ಮೇಲೆ ಮೈದಾನ. ಆದರೆ ಗುಡ್ಡದಿಂದ ತುಂಗೆಗೆ ಇಳಿಯುವ ಒಂದೊಂದು ಹಳ್ಳವೂ ದಾರಿಯನ್ನು ಅಡ್ಡ ಕೊರೆದಿದೆ. ರಸ್ತೆ ಹಳ್ಳದ ಮೋರಿಗೆ ಇಳಿಯುತ್ತದೆ, ಅಲ್ಲಿ ತಿರುಗುತ್ತದೆ, ಮುಂದಿನ ದಿಣ್ಣೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ದಿನವಿಡೀ ಇದೇ. ಒಂದೊಂದು ಏರೂ ಚಿಕ್ಕದು, ಹಾಗಾಗಿಯೇ ಹುಮ್ಮಸ್ಸಿನಲ್ಲಿ ಎದ್ದು ನಿಂತು ತುಳಿದು ದಾಟಿಬಿಡುತ್ತೀರಿ. ಇಪ್ಪತ್ತು ಏರು ಹಾಗೆ ದಾಟಿದ ಮೇಲೆ ತೊಡೆ ಹಿಡಿಯುತ್ತದೆ, ಮಧ್ಯಾಹ್ನದ ಮೇಲೆ ಕಾಲು ಏಳುವುದಿಲ್ಲ.

ಆದ್ದರಿಂದ ಕಿಲೋಮೀಟರ್ ಬಿಟ್ಟು ಏರಿಕೆ ಎಣಿಸು. ದಾರಿ ಗುರುತಿಸುವ ಆ್ಯಪ್‌ನಲ್ಲಿ ಒಟ್ಟು ಏರಿಕೆ ಎಷ್ಟು ಮೀಟರ್ ಎಂದು ತೋರಿಸುತ್ತದಲ್ಲ, ಅದನ್ನು ನೋಡು. ಗಂಟೆಗೆ 18 ಕಿ.ಮೀ. ಲೆಕ್ಕ ಹಿಡಿದು, ಪ್ರತಿ 100 ಮೀಟರ್ ಏರಿಕೆಗೆ 10 ನಿಮಿಷ ಸೇರಿಸು. 60 ಕಿ.ಮೀ. ದಾರಿಗೆ 800 ಮೀಟರ್ ತೋರಿಸಿದರೆ ತುಳಿಯುವ ಹೊತ್ತೇ ನಾಲ್ಕೂಮುಕ್ಕಾಲು ಗಂಟೆ ಆಯಿತು. ತಿಂಡಿ, ಪಂಕ್ಚರ್, ಫೋಟೋ ಬೇರೆ. ಡಿಸೆಂಬರಿನಲ್ಲಿ ಆರು ಗಂಟೆ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ನಾಲ್ಕಕ್ಕೆ ಊರು ಸೇರುವ ಹಾಗೆ ಹೊರಡಬೇಕು.

ಮೂರು ದಿನಕ್ಕೆ ಹೀಗೆ ಹಂಚಿಕೋ. ಮೊದಲ ದಿನ ಶಿವಮೊಗ್ಗದಿಂದ ತೀರ್ಥಹಳ್ಳಿ, ಅಷ್ಟೇ. ಗಾಜನೂರು ಅಣೆಕಟ್ಟು, ಸಕ್ರೆಬೈಲು ಆನೆ ಬಿಡಾರ, ಮಂಡಗದ್ದೆ ಎಲ್ಲ ಅದೇ ರಸ್ತೆಯಲ್ಲಿ ಸಿಗುತ್ತವೆ. ಬೆಳಿಗ್ಗೆ ಬೇಗ ಬಿಟ್ಟರೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನವೂ ಸಿಗಬಹುದು. ಇದು ಹೆದ್ದಾರಿ, ಲಾರಿ ಬಸ್ಸು ಜಾಸ್ತಿ. ಮೂವರೂ ಸಾಲಾಗಿ ಹೋಗಿ, ಪಕ್ಕಪಕ್ಕ ಮಾತಾಡಿಕೊಂಡು ಹೋಗುವ ರಸ್ತೆ ಅಲ್ಲ.

ಎರಡನೇ ದಿನವೇ ಈ ಸುತ್ತಿನ ಜೀವ. ತೀರ್ಥಹಳ್ಳಿಯಿಂದ ಮೇಗರವಳ್ಳಿ, ಗುಡ್ಡೇಕೇರಿ ಮೇಲೆ ಆಗುಂಬೆಗೆ 30 ಕಿ.ಮೀ. ಚಿಲ್ಲರೆ, ಅಲ್ಲಿಂದ ಬೇಗಾರು ಮಾರ್ಗವಾಗಿ ಶೃಂಗೇರಿಗೆ ಇನ್ನೊಂದು 28ರಷ್ಟು. ಮೇಗರವಳ್ಳಿ ಬಿಟ್ಟ ಮೇಲೆ ರಸ್ತೆ ಕಾಡಿನೊಳಗೆ ಹೊಕ್ಕುತ್ತದೆ. ಆಗುಂಬೆಯ ಊರು ನೀರು ಒಡೆಯುವ ಜಾಗದಲ್ಲಿ ಕೂತಿದೆ: ಮೂಡಲ ಕಡೆ ಬಿದ್ದ ಮಳೆ ತುಂಗೆ ಸೇರಿ ಬಂಗಾಳ ಕೊಲ್ಲಿಗೆ, ಪಡುವಲಿಗೆ ಬಿದ್ದದ್ದು ಸೀತಾನದಿ ಹಿಡಿದು ಅರಬ್ಬಿ ಸಮುದ್ರಕ್ಕೆ. ನೀವು ಸೂರ್ಯಾಸ್ತದ ಕಟ್ಟೆಯ ತನಕ ಹೋಗಿ ನೋಡಿ ತಿರುಗಿ ಬನ್ನಿ. ಘಾಟಿ ಇಳಿಯುವ ಆಸೆ ಈ ಸಲ ಬೇಡ. ಸೋಮೇಶ್ವರಕ್ಕೆ ಇಳಿದರೆ ಮತ್ತೆ ಅದೇ 14 ಹೇರ್‌ಪಿನ್ ತಿರುವು ಹತ್ತಿ ಬರಬೇಕು, ಆಮೇಲೆ ಶೃಂಗೇರಿ ದೂರವೇ ಆಗುತ್ತದೆ.

ಮೂರನೇ ದಿನ ಶೃಂಗೇರಿಯಿಂದ ಹರಿಹರಪುರ, ಕೊಪ್ಪ, ಗಡಿಕಲ್ಲು, ಕುಪ್ಪಳಿ ಮೇಲೆ ತೀರ್ಥಹಳ್ಳಿ. ಶೃಂಗೇರಿ ಸುಮಾರು 670 ಮೀಟರ್, ಕೊಪ್ಪ 760ರ ಹತ್ತಿರ. ದೊಡ್ಡ ಹತ್ತುವಿಕೆಯೆಲ್ಲ ಬೆಳಗಿನ ಹೊತ್ತಿಗೆ ಮುಗಿಯುತ್ತದೆ. ಕುಪ್ಪಳಿಯ ಕವಿಮನೆಗೆ ಒಂದು ಗಂಟೆ ಎತ್ತಿಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸೈಕಲನ್ನು ಬಸ್ಸಿನ ಟಾಪಿಗೆ ಹಾಕಿಸಿ. ಕಂಡಕ್ಟರನ್ನು ಮೊದಲೇ ಕೇಳಿ, ಲಗೇಜಿನ ದುಡ್ಡು ಕೊಟ್ಟು, ಕಟ್ಟುವ ಹಗ್ಗ ನೀವೇ ಇಟ್ಟುಕೊಂಡಿರಿ.

ಇನ್ನು ಸೈಕಲ್ಲಿನ ಮಾತು. ನಿನ್ನ ಸೈಕಲ್ಲಿಗೆ ಹಿಂದೆ 11-25 ಗೇರ್, ಅಂದರೆ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 25, ಇದೆ ಎಂದಿದ್ದೀಯ. ಬೆಂಗಳೂರಿಗೆ ಸಾಕು, ಇಲ್ಲಿಗೆ ಸಾಲದು. ಮುಂದೆ 34 ಹಲ್ಲು, ಹಿಂದೆ 25 ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.85 ಮೀಟರ್ ಹೋಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ ಏಳೂವರೆ ಕಿ.ಮೀ. ವೇಗಕ್ಕೆ ನಿಮಿಷಕ್ಕೆ 44 ಸುತ್ತು ತುಳಿಯಬೇಕು. ಅಷ್ಟು ನಿಧಾನ ಸುತ್ತಿಗೆ ಭಾರವೆಲ್ಲ ಮಂಡಿಯ ಮೇಲೆ. ಹಿಂದೆ 34 ಹಲ್ಲಿನದು ಹಾಕಿಸಿದರೆ ಅದೇ ವೇಗಕ್ಕೆ 60 ಸುತ್ತು, ಮಂಡಿ ಉಳಿಯುತ್ತದೆ. 11-34 ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಹಾಕಿಸು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ 34 ಹಲ್ಲು ತಡೆಯುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಮೊದಲು ಕೇಳು. ಅದರ ಕೆಳಗೆ ಇಳಿಬಿದ್ದಿರುವ ಕೇಜು ಗಿಡ್ಡದಾದರೆ ಬಹುಶಃ ತಡೆಯುವುದಿಲ್ಲ, ಅದನ್ನೂ ಬದಲಿಸಬೇಕು. ಚೈನಿನ ಉದ್ದವನ್ನೂ ಹೊಸದಾಗಿ ಅಳೆಸು. ಹಳೇ ಚೈನ್ ಮೋಟಾಗಿ, ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೇ ಬಿದ್ದ ಗಳಿಗೆಯಲ್ಲಿ ಬಿಗಿದು ಡಿರೇಲರನ್ನೇ ಕಿತ್ತುಹಾಕುತ್ತದೆ.

ಗೇರ್ ಇದ್ದರೆ ಸಾಲದು, ಬದಲಿಸುವ ಜಾಗ ಗೊತ್ತಿರಬೇಕು. ಒಂದು ಮೋರಿಯನ್ನೇ ತೆಗೆದುಕೋ. ಇಳಿಜಾರಿನಲ್ಲಿ ಜೋರಾಗಿ ಬರುತ್ತೀಯ, ಕೆಳಗೆ ಎರಡೂ ಬದಿ ಅಡಿಕೆ ತೋಟ, ಬಿಸಿಲು ನೆಲ ಮುಟ್ಟುವುದಿಲ್ಲ. ಮಳೆ ನಿಂತು ಎರಡು ತಿಂಗಳಾದರೂ ಆ ನೆರಳಿನಲ್ಲಿ ರಸ್ತೆಯ ಅಂಚಿಗೆ ಪಾಚಿ, ಅದರ ಮೇಲೆ ಇಬ್ಬನಿ. ತಿರುವಿನ ಒಳಬದಿಗೆ ಧರೆಯಿಂದ ಜಾರಿದ ಜಂಬಿಟ್ಟಿಗೆ ಹರಳು. ಮೋರಿ ದಾಟಿದ ಕೂಡಲೇ ಏರು. ಬ್ರೇಕಿನ ಕೆಲಸವೆಲ್ಲ ಸೈಕಲ್ ನೇರ ಇರುವಾಗಲೇ, ತಿರುವಿಗೆ ಮೊದಲೇ ಮುಗಿಯಲಿ. ಇಳಿಜಾರಿನ ಕೊನೆಯಲ್ಲಿ, ಪೆಡಲ್ ಹಗುರಾಗಿ ತಿರುಗುತ್ತಿರುವಾಗಲೇ ಎರಡು ಮೂರು ಗೇರ್ ಇಳಿಸಿಕೋ. ಮೋರಿಯ ಮೇಲೆ ಬ್ರೇಕ್ ಮುಟ್ಟಬೇಡ, ಪಾಚಿಯ ಅಂಚು ಬಿಟ್ಟು ಟೈರು ಓಡಾಡಿ ಕಪ್ಪಾದ ಜಾಡಿನಲ್ಲಿ ದಾಟು. ಏರು ಶುರುವಾಗಿ ಕಾಲಿಗೆ ಭಾರ ಬಿದ್ದ ಮೇಲೆ ಗೇರ್ ಹಾಕಲು ಹೋದರೆ ಚೈನ್ ಹಲ್ಲು ಹತ್ತದೆ ಕಟಕಟ ಅನ್ನುತ್ತದೆ, ಇಲ್ಲವೇ ಬೀಳುತ್ತದೆ. ಹತ್ತಿರದಲ್ಲೇ ಹಿಂದೆ ಇನ್ನೊಂದು ಸೈಕಲ್ ಇದ್ದರೆ ಇಬ್ಬರೂ ನೆಲಕ್ಕೆ. ನಡುವೆ ನಾಲ್ಕೈದು ಸೈಕಲ್ ಉದ್ದದ ಜಾಗ ಬಿಡಿ.

ರಿಮ್ ಹಿಡಿಯುವ ಬ್ರೇಕ್ ಒದ್ದೆಯಾಗಿದ್ದರೆ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಿಡಿತ ಆಮೇಲೆ. ಇಬ್ಬನಿಯ ಬೆಳಗಿನಲ್ಲಿ ಇಳಿಜಾರು ಶುರುವಾದಾಗಲೇ ಒಮ್ಮೆ ಮೆಲ್ಲಗೆ ಹಿಡಿದು ಒಣಗಿಸಿಕೋ. ಉದ್ದ ಇಳಿಜಾರಿನಲ್ಲಿ ಹಿಡಿದೇ ಇರಬೇಡ. ರಿಮ್ ಕಾದು ಟ್ಯೂಬ್ ಒಡೆಯುವುದುಂಟು. ಹಿಡಿ, ಬಿಡು, ಮತ್ತೆ ಹಿಡಿ. ಕಾಡಿನ ತಿರುವುಗಳಲ್ಲಿ ಎದುರಿನ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ, ನಿನ್ನ ಪಾಲಿನದೂ ಸೇರಿ. ಹಾರನ್ ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡು.

ಟೈರು 28 ಮಿ.ಮೀ.ಗಿಂತ ಕಡಿಮೆ ಬೇಡ, ಫ್ರೇಮಿನಲ್ಲಿ ಜಾಗ ಇದ್ದರೆ 32. ನಿನ್ನ ತೂಕಕ್ಕೂ ಬ್ಯಾಗಿಗೂ 28ಕ್ಕೆ 70 ಪಿಎಸ್‌ಐ ಗಾಳಿ, 32ಕ್ಕೆ 55 ಸಾಕು. ಮುಂದಿನ ಚಕ್ರಕ್ಕೆ ಐದು ಕಡಿಮೆ. ಕಲ್ಲಿನಂತೆ ಗಾಳಿ ತುಂಬಿದರೆ ಕಿತ್ತುಹೋದ ಟಾರಿನ ಮೇಲೆ ಸೈಕಲ್ ಕುಣಿಯುತ್ತದೆ, ಹಿಡಿತವೂ ಹೋಗುತ್ತದೆ. ಎರಡು ಟ್ಯೂಬ್, ಪ್ಯಾಚ್, ಟೈರ್ ಲಿವರ್, ಪಂಪು, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ನಿನ್ನದೇ ಮಾದರಿಯದು ಒಂದು. ಈ ಹ್ಯಾಂಗರನ್ನು ಎಲ್ಲರೂ ಮರೆಯುತ್ತಾರೆ, ತೀರ್ಥಹಳ್ಳಿಯಲ್ಲೂ ಕೊಪ್ಪದಲ್ಲೂ ಸಿಗುವುದು ಅನುಮಾನ. ನಿನ್ನ ಟ್ಯೂಬಿನ ವಾಲ್ವ್ ತೆಳ್ಳಗಿನ ಪ್ರೆಸ್ಟಾ. ಊರಿನ ಸೈಕಲ್ ಶಾಪಿನ ಪಂಪು ಅದಕ್ಕೆ ಕೂರುವುದಿಲ್ಲ. ಅದರ ತುದಿಗೆ ತಿರುಗಿಸುವ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಂಡರೆ ಬೈಕಿಗೆ ಗಾಳಿ ಹಿಡಿಯುವಲ್ಲೆಲ್ಲ ನಿನಗೂ ಗಾಳಿ ಸಿಗುತ್ತದೆ.

ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆ ಬೇಡ. ನೆರಳಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಇಳಿಯುತ್ತಲೇ ಇರುತ್ತದೆ. ಒಂದು ಬಾಟಲಿಗೆ ಉಪ್ಪು ಸಕ್ಕರೆ ನಿಂಬೆ ಹಾಕಿಕೋ. ಊಟ ತಿಂಡಿಗೆ ತೊಂದರೆ ಇಲ್ಲ. ಶೃಂಗೇರಿ ಮಠದಲ್ಲಿ ಮಧ್ಯಾಹ್ನದ ಊಟವೂ ಆಗುತ್ತದೆ.

ಮೊಬೈಲ್ ಸಿಗ್ನಲ್ ನಂಬಬೇಡ, ನಕಾಶೆಯನ್ನು ಮೊದಲೇ ಇಳಿಸಿಟ್ಟುಕೋ. ಅದು ತೋರಿಸುವ ಹತ್ತಿರದ ದಾರಿಗಳಲ್ಲಿ ಎಷ್ಟೋ ತೋಟದ ಗೇಟಿಗೆ ಹೋಗಿ ನಿಲ್ಲುತ್ತವೆ. ಜನರನ್ನು ಕೇಳುವಾಗ ‘ದಾರಿ ಹೋಗುತ್ತಾ’ ಎನ್ನಬೇಡ, ಜೀಪು ಹೋದರೂ ಹೋಗುತ್ತೆ ಅಂದಾರು. ‘ಟಾರು ಎಲ್ಲೀತನಕ ಇದೆ’ ಎಂದು ಕೇಳು.

ಒಂದು ಮಾತು ನಿನ್ನ ಗೆಳತಿಯರಿಗೂ ಓದಿ ಹೇಳು. ಡಿಸೆಂಬರಿನಿಂದ ಮೇ ತನಕ ಇಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆಯೂ ಇದೆ. ಉಣುಗು ಕಚ್ಚಿ ಬರುವ ಜ್ವರ ಅದು. ದಣಿದೆ ಎಂದು ಕಾಡಿನ ಒಣಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಸೈಕಲನ್ನು ಪೊದೆಗೆ ಒರಗಿಸಬೇಡಿ. ಬಸ್‌ಸ್ಟಾಪಿನ ಕಟ್ಟೆಯೋ ಅಂಗಡಿ ಜಗಲಿಯೋ ನೋಡಿಕೊಳ್ಳಿ. ಬಹಿರ್ದೆಸೆಗೆಂದು ಕಾಡಿಗೆ ಇಳಿಯುವುದೂ ಬೇಡ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಕೋಣೆ ಸೇರಿದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬದಲು, ಮಂಡಿಯ ಹಿಂದೆ, ಸೊಂಟ, ಕಂಕುಳು ನೋಡಿಕೊಳ್ಳುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮುಂದಿನ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ಬೆಂಗಳೂರಿಗೆ ಹೋದ ಒಂದು ವಾರ ಹತ್ತು ದಿನದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಮೊದಲ ಮಾತಿಗೇ ಹೇಳಬೇಕು. ಹೇಳದಿದ್ದರೆ ಆ ಊರಿನ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ.

ರೈಲಿನಲ್ಲಿ ಸೈಕಲ್ ತರುವುದಾದರೆ ಶಿವಮೊಗ್ಗ ಟೌನಿಗೇ ಕೊನೆಯಾಗುವ ಗಾಡಿ ನೋಡು. ತಾಳಗುಪ್ಪಕ್ಕೆ ಹೋಗುವ ಗಾಡಿಯಾದರೆ ಶಿವಮೊಗ್ಗದಲ್ಲಿ ನಿಲ್ಲುವುದು ಕೆಲವೇ ನಿಮಿಷ, ಲಗೇಜ್ ವ್ಯಾನಿನಿಂದ ಮೂರು ಸೈಕಲ್ ಇಳಿಸುವಷ್ಟರಲ್ಲಿ ಹೊರಟುಬಿಟ್ಟರೆ ಕಷ್ಟ. ಪಾರ್ಸೆಲ್ ಆಫೀಸಿಗೆ ಒಂದೆರಡು ಗಂಟೆ ಮೊದಲೇ ಹೋಗಿ. ಚೈನನ್ನು ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಹಾಕಿದರೆ ಡಿರೇಲರ್ ಒಳಕ್ಕೆ ಸರಿದಿರುತ್ತದೆ, ಅದರ ಮೇಲೆ ದಪ್ಪ ರಟ್ಟು ಕಟ್ಟು. ಲೈಟು, ಪಂಪು, ಬಾಟಲಿ ಬಿಚ್ಚಿ ಬ್ಯಾಗಿಗೆ ಹಾಕಿಕೋ. ಯಾವ ಗಾಡಿ ಎಂದು ತಿಳಿಸಿದರೆ ಸ್ಟೇಷನ್ನಿಗೆ ದೊಡ್ಡ ಪಂಪು ತರುತ್ತೇನೆ, ಗಾಳಿ ಸರಿಮಾಡಿಕೊಂಡೇ ಹೊರಡಿ.

ಇಂತಿ,
ನಿನ್ನ ಮಾವ