ಡಬ್ಬಿಗಳ ಋಣ

ನನ್ನ ಹೆಂಡತಿ ಕಳೆದ ವಾರ ಬ್ಯಾಂಕಿಗೆ ಹೋಗಿ ಬಲಗೈಯಲ್ಲೇ ಸಹಿ ಮಾಡಿ ಬಂದಳು. ಗುಮಾಸ್ತರು ಹಳೆಯ ಸಹಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ, ‘ಅಕ್ಷರ ಸ್ವಲ್ಪ ಸೊಟ್ಟಗಾಗಿದೆ, ಆದರೆ ನಿಮ್ಮದೇ ಬಿಡಿ ಅಮ್ಮ’ ಎಂದರಂತೆ. ಕಳೆದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಲಕ್ವ ಹೊಡೆದು ಚಮಚವನ್ನೂ ಹಿಡಿಯಲಾರದೆ ಬಿದ್ದಿದ್ದ ಕೈ ಅದು. ಆ ಕೈ ಇಲ್ಲಿಯವರೆಗೆ ಬಂದದ್ದರಲ್ಲಿ ಚಿತ್ರದುರ್ಗದ ನಮ್ಮ ಓಣಿಯವರ, ಅಚ್ಚುಕೂಟದ ಹುಡುಗರ, ಗಿರಾಕಿಗಳ, ಹೆಸರೂ ಗೊತ್ತಿಲ್ಲದ ಕೆಲವರ ಪಾಲಿದೆ. ಅವರಿಗೆಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮನೆಮನೆಗೆ ಹೋಗಿ ಹೇಳುವುದೇ ಸರಿಯಾದ ಕ್ರಮ. ಹೋಗಿಯೂ ಬಂದಿದ್ದೇನೆ. ಆದರೆ ಎದುರಿಗೆ ಕುಳಿತಾಗ ಬಾಯಿಯೇ ಏಳುವುದಿಲ್ಲ. ‘ನಿಮ್ಮ ಕಡೆ ಮಳೆ ಹೇಗೆ’ ಎಂದು ಕೇಳಿ, ಕಾಫಿ ಕುಡಿದು, ಎದ್ದು ಬಂದುಬಿಡುತ್ತೇನೆ. ಇದು ಅಪ್ಪನಿಂದ ಬಂದದ್ದು. ಅಪ್ಪ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ನಮ್ಮದು ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಮುದ್ರಣಾಲಯ. ದಿನವಿಡೀ ಅಕ್ಷರಗಳನ್ನು ತಿರುವುಮುರುವಾಗಿ ಓದುತ್ತಿದ್ದ ಆ ಮನುಷ್ಯ ಸಂಜೆ ಮನೆಗೆ ಬಂದರೆ ನಾಲ್ಕು ಮಾತಿಗೆ ಮೇಲೆ ಆಡುತ್ತಿರಲಿಲ್ಲ. ಕಿವಿಯ ಹಿಂದೆ ಪೆನ್ಸಿಲು, ಹಣೆಯ ಮೇಲೆ ಕನ್ನಡಕ, ಮುಖದಲ್ಲಿ ಸಿಡುಕು. ಇದೆಲ್ಲ ನನಗೂ ಬಂದಿದೆ ಎಂದು ಊರೇ ಹೇಳುತ್ತಿತ್ತು. ನಾನೂ ನಂಬಿದ್ದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯಲ್ಲಿ ಗಂಡುಮಕ್ಕಳ ಪ್ರಸ್ತಾಪವೇ ಇಲ್ಲ ನೋಡಿ.

ಮೊದಲು ಎದುರು ಮನೆಯ ನಿವೃತ್ತ ನರ್ಸಮ್ಮನಿಗೆ ನಮಸ್ಕಾರ. ಆ ಬೆಳಿಗ್ಗೆ ಅವರು ಬಂದದ್ದು ಕರಿಬೇವಿಗೆ. ನನ್ನ ಹೆಂಡತಿಯ ಬಾಯಿ ಒಂದು ಕಡೆ ಜಾರಿದ್ದನ್ನು ನನಗಿಂತ ಮೊದಲು ಕಂಡವರು ಅವರೇ. ‘ಎರಡೂ ಕೈ ಎತ್ತು ತಾಯಿ’ ಎಂದರು. ಎಡಗೈ ಮೇಲೆ ನಿಂತಿತು, ಬಲಗೈ ಕೆಳಗೆ ಬಿತ್ತು. ಹೆಸರು ಕೇಳಿದರೆ ತೊದಲು. ನಾನು ಲೋಟದಲ್ಲಿ ನೀರು ತಂದರೆ ಅದನ್ನು ಕಿತ್ತುಕೊಂಡು, ‘ನೀರೂ ಬೇಡ, ಮಾತ್ರೆಯೂ ಬೇಡ, ನುಂಗಲು ಬಾರದೆ ಶ್ವಾಸಕೋಶಕ್ಕೆ ಹೋದೀತು. ಕೊನೆಯ ಸಲ ಎಷ್ಟು ಗಂಟೆಗೆ ಚೆನ್ನಾಗಿದ್ದಳು, ಅದನ್ನು ಹೇಳಿ’ ಎಂದು ಗದರಿದರು. ನಲ್ಲಿಯಲ್ಲಿ ನೀರು ಬಿಟ್ಟಾಗ ಚೆನ್ನಾಗಿದ್ದಳು, ಕೊಡ ತುಂಬಿಸುತ್ತಾ ನನ್ನನ್ನು ಬೈದಿದ್ದಳು. ನೀರು ಬಿಟ್ಟ ಸಮಯ ನಮ್ಮ ಓಣಿಯಲ್ಲಿ ಯಾರಿಗೆ ತಾನೇ ಗೊತ್ತಿರುವುದಿಲ್ಲ! ದಾವಣಗೆರೆಯ ವೈದ್ಯರು ಮೊದಲು ಕೇಳಿದ್ದೂ ಅದನ್ನೇ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ರಕ್ತನಾಳ ಒಡೆದಿದ್ದರೆ ಅದೇ ಮದ್ದು ವಿಷ. ಎರಡರಲ್ಲಿ ಯಾವುದು ಎಂಬುದು ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಧನ್ಯವಾದದ ನೆಪದಲ್ಲಿ ನಾಲ್ಕು ಜನ ಓದಲಿ ಎಂದೇ. ‘ಸ್ವಲ್ಪ ಮಲಗಲಿ, ಸರಿಹೋಗುತ್ತದೆ’ ಎಂದು ಮಾತ್ರ ಕಾಯಬೇಡಿ.

ಪಕ್ಕದ ಬ್ಯಾಟರಿ ಅಂಗಡಿಯವರು ಬೋಣಿಯಾಗುವ ಮೊದಲೇ ಷಟರ್ ಎಳೆದು, ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಕಾರು ಓಡಿಸಿದರು. ಡೀಸೆಲ್‌ಗೆ ಹಣ ಕೊಡಲು ಹೋದರೆ ‘ಏನಣ್ಣ, ಹೀಗೂ ಅವಮಾನ ಮಾಡುತ್ತೀರಾ’ ಎಂದರು.

ಆಸ್ಪತ್ರೆಯಲ್ಲಿ ಮೊದಲ ರಾತ್ರಿ ನಾನು ಅಪ್ಪನೇ. ಅವ್ವ ಟೈಫಾಯ್ಡ್ ಬಂದು ಮಲಗಿದ್ದಾಗ ಅಪ್ಪ ಹಣ ಹೊಂದಿಸಿ ತಂದಿದ್ದ, ಔಷಧಿ ತಂದಿದ್ದ. ಆದರೆ ಹಾಸಿಗೆಯ ಹತ್ತಿರ ಕುಳಿತದ್ದನ್ನು ನಾನು ಕಾಣೆ. ಜಗಲಿಯಲ್ಲಿ ನಿಂತು ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಿದ್ದ. ನಾನೂ ಹಾಗೆಯೇ ನಿಂತು ಫಲಕಗಳಲ್ಲಿನ ಕಾಗುಣಿತದ ತಪ್ಪುಗಳನ್ನು ಎಣಿಸುತ್ತಿದ್ದೆ. ಬೆಂಚಿನ ಮೇಲೆ ಜಗಳೂರಿನ ಕಡೆಯ ಒಬ್ಬ ಹೆಂಗಸು ಕುಳಿತಿದ್ದರು, ಒಳಗೆ ಅವರ ಗಂಡ. ಬೆಳಗಾಗುವ ಹೊತ್ತಿಗೆ ನನ್ನ ಬಾಯಿಂದ ‘ಯಾವೂರು ತಾಯಿ, ಎಷ್ಟು ಜನ ಮಕ್ಕಳು, ಏನಾದರೂ ಹೊಟ್ಟೆಗೆ ಹಾಕಿಕೊಂಡಿರಾ’ ಎಂಬ ಮಾತು ಹೊರಟಿತು. ಇದು ಅವ್ವನ ಸವಾಲುಪಟ್ಟಿ! ಹಿರಿಯೂರು ಬಸ್ಸಿನಲ್ಲಿ ಕುಳಿತರೆ ಇಳಿಯುವಷ್ಟರಲ್ಲಿ ಪಕ್ಕದವರ ಮೂರು ತಲೆಮಾರು ತಿಳಿದುಕೊಳ್ಳುತ್ತಿದ್ದಳು. ನಾನು ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಜಗಳೂರಿನ ಆ ತಾಯಿ ಗಂಜಿ ಸಿಗುವ ಜಾಗ ತೋರಿಸಿದರು, ರಾತ್ರಿ ಯಾವ ನರ್ಸ್ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ ಎಂದು ಹೇಳಿಕೊಟ್ಟರು, ನಾನು ನಿದ್ದೆ ಹೋದಾಗ ಇವಳನ್ನು ನೋಡಿಕೊಂಡರು. ಅವರ ಗಂಡ ಉಳಿಯಲಿಲ್ಲ ಎಂದು ಆಮೇಲೆ ತಿಳಿಯಿತು. ಈ ಬರಹ ಅವರಿಗೆ ತಲುಪುವುದಿಲ್ಲ, ಅವರಿಗೆ ಓದು ಬಾರದು. ಆದರೂ ಅವರ ಪಾಲನ್ನು ಇಲ್ಲಿ ಬರೆದಿಟ್ಟಿರುತ್ತೇನೆ.

ಮನೆಗೆ ಬಂದ ಮೇಲೆ ಅವ್ವ ನನ್ನೊಳಗೆ ಸಂಸಾರವನ್ನೇ ಹೂಡಿದಳು. ಹೊಸ್ತಿಲಲ್ಲೇ ಹೆಂಡತಿಯನ್ನು ನಿಲ್ಲಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಕಾಲೇಜಿನ ದಿನಗಳಲ್ಲಿ ಇದೇ ವಿಷಯಕ್ಕೆ ಅವ್ವನ ಜೊತೆ ವಾದ ಮಾಡಿ ಊಟ ಬಿಟ್ಟವನು ನಾನು. ಈಗಲೂ ದೃಷ್ಟಿಯಲ್ಲಿ ನಂಬಿಕೆ ಇಲ್ಲ. ಆದರೆ ಘಾಟು ಬರಲಿಲ್ಲ ಎಂದು ಸಮಾಧಾನಪಟ್ಟದ್ದು ನಿಜ. ಮಗಳು ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಳು, ನಗು ತಡೆಯಲಾರದೆ ‘ಅಪ್ಪಾ, ನೀನು ಥೇಟ್ ಅಜ್ಜಿ’ ಎಂದಳು. ಆಮೇಲೆ ಅದೇ ನನ್ನ ಹೆಸರಾಯಿತು.

ಅಕ್ಕಿ ತೊಳೆದ ನೀರು ತುಳಸಿಗೆ, ಸೊಪ್ಪು ತೊಳೆದ ನೀರು ಕರಿಬೇವಿಗೆ, ಸ್ನಾನದ ನೀರಿನಲ್ಲಿ ಒಂದು ಬಕೆಟ್ ಹಿತ್ತಲಿಗೆ. ನಾನು ಅಡುಗೆಮನೆ ವಹಿಸಿಕೊಂಡ ಮೇಲೆ ಜಾರಿಗೆ ಬಂದ ಕಾನೂನುಗಳು ಇವು. ಅವ್ವನ ತವರು ಚಳ್ಳಕೆರೆ ಸೀಮೆ, ವೇದಾವತಿಯ ಮರಳಿನಲ್ಲಿ ಚಿಲುಮೆ ತೋಡಿ ಬಿಂದಿಗೆ ತುಂಬಿಸಿ ಬೆಳೆದವಳು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. ನಮ್ಮವರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅವ್ವ 1933 ಕಳೆದ ಮೇಲೆ ಹುಟ್ಟಿ 2022ಕ್ಕೆ ಮೊದಲೇ ಹೋದಳು. ಅವಳ ಇಡೀ ಆಯುಷ್ಯ ಎರಡು ಕೋಡಿಗಳ ನಡುವಿನ ಬರದಲ್ಲಿ ಕಳೆಯಿತು. 2022ರಲ್ಲಿ ಊರಿಗೆ ಊರೇ ನೋಡಲು ಹೋದಾಗ ನಾವೂ ಹೋಗಿದ್ದೆವು. ಜನ ಕುಣಿಯುತ್ತಿದ್ದರು, ಬಾಗಿನ ಅರ್ಪಿಸುತ್ತಿದ್ದರು. ನಾನು ಮಾತ್ರ ‘ಅಯ್ಯೋ, ಇಷ್ಟೊಂದು ನೀರು ಸುಮ್ಮನೆ ಹರಿದುಹೋಗುತ್ತಿದೆಯಲ್ಲ’ ಎಂದು ಸಂಕಟಪಟ್ಟೆನಂತೆ. ಹೆಂಡತಿ ಆಗಲೇ ಗುರುತು ಹಿಡಿದಿದ್ದಳು: ‘ಅತ್ತೆ ಎಲ್ಲಿಗೂ ಹೋಗಿಲ್ಲ.’ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ನನ್ನನ್ನು ಕರೆದುಕೊಂಡು ಹೋಗಲು ಯಾರೂ ಒಪ್ಪಲಿಲ್ಲ.

ಈಗ ಶೇಂಗಾದ ವಿಷಯ. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿ ಹುಡುಗನಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮಿದುಳಿನಲ್ಲಿ ಸತ್ತ ಭಾಗ ಮರಳಿ ಬರುವುದಿಲ್ಲ, ಉಳಿದ ಭಾಗ ಆ ಕೆಲಸವನ್ನು ಕಲಿಯಬೇಕು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದರೆ ಮಾತ್ರ ಕಲಿಯುತ್ತದೆ ಎಂದು ಆತ ತಾಳ್ಮೆಯಿಂದ ವಿವರಿಸಿದ. ಹಿಸುಕಲು ರಬ್ಬರ್ ಚೆಂಡು ಕೊಟ್ಟ. ಇವಳು ಎರಡು ದಿನ ಹಿಸುಕಿ, ಮೂರನೆಯ ದಿನ ಅದನ್ನು ಹಿತ್ತಲಿಗೆ ಎಸೆದಳು. ಎಡಗೈಯಲ್ಲಿ. ‘ನಾನೇನು ಮಗುವೇ’ ಎಂದಳು. ಮಾತು ಸ್ಪಷ್ಟವಾಗಿ ಬಂದದ್ದು ಅಂದೇ ಮೊದಲು, ಹಾಗಾಗಿ ಯಾರಿಗೂ ಸಿಟ್ಟು ಬರಲಿಲ್ಲ.

ನಾನು ಸಂತೆಯಿಂದ ಶೇಂಗಾ ತಂದು ಮೊರಕ್ಕೆ ಸುರಿದೆ. ಬಿತ್ತನೆಗೆ ಮುಂಚೆ ಬೀಜದ ಕಾಯಿ ಸುಲಿಯುವುದು ಅವ್ವನ ಕಡೆಯ ಹೆಂಗಸರಿಗೆ ಗೊತ್ತಿದ್ದ ಕೂಲಿ, ಸೇರಿಗೆ ಇಷ್ಟು ಎಂದು. ಯಂತ್ರಕ್ಕೆ ಹಾಕಿದರೆ ಕಾಳು ಎರಡು ಹೋಳಾಗುತ್ತದೆ, ಕೆಂಪು ಸಿಪ್ಪೆ ತರಚಿದರೂ ಮಣ್ಣಿನಲ್ಲಿ ಕೊಳೆಯುತ್ತದೆ. ಅದಕ್ಕೇ ಬೀಜಕ್ಕೆ ಕೈಯೇ ಆಗಬೇಕು. ಅವ್ವ ನನ್ನನ್ನೂ ಕೂರಿಸಿಕೊಂಡು ಕಲಿಸಿದ್ದಳು. ಕಾಯಿಗೆ ಒಂದು ತುದಿಯಲ್ಲಿ ಸಣ್ಣ ಕೊಕ್ಕು ಇರುತ್ತದೆ. ಅದನ್ನು ಮೇಲೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಅಂಚುಗಳು ಕೂಡುವ ಗೆರೆಯ ಮೇಲೆ ಒತ್ತಬೇಕು. ಟಕ್ ಎಂದು ಬಾಯಿ ಬಿಡುತ್ತದೆ. ನಡುವೆ ಒತ್ತಿದರೆ ಬೆರಳು ನೋಯುತ್ತದೆಯೇ ಹೊರತು ಕಾಯಿ ಬಗ್ಗುವುದಿಲ್ಲ. ‘ತುದಿ ಒತ್ತು, ಹೊಟ್ಟೆ ಒತ್ತಬೇಡ’ ಎನ್ನುತ್ತಿದ್ದಳು. ನಾನು ಹೆಂಡತಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕುಳಿತು ಅದನ್ನೇ ಹೇಳಿದೆ, ಅದೇ ರಾಗದಲ್ಲಿ. ಮೊದಮೊದಲು ಕಾಯಿ ಅವಳ ಬೆರಳಿನಿಂದ ಜಾರಿ ಸೋಫಾದ ಕೆಳಗೆ ಉರುಳುತ್ತಿತ್ತು. ಜಾರಿದ್ದನ್ನು ಹೆಕ್ಕಿ ಮತ್ತೆ ಅವಳ ಮುಂದೆ ಇಡುತ್ತಿದ್ದೆ. ಶ್ರಾವಣ ಕಳೆಯುವ ಹೊತ್ತಿಗೆ ಕಾಯಿ ಬಾಯಿ ಬಿಡತೊಡಗಿತು. ಫಿಸಿಯೋಥೆರಪಿ ಹುಡುಗ ನೋಡಿ ಖುಷಿಯಿಂದ ಚೆಂಡಿನ ಮಾತು ಬಿಟ್ಟೇಬಿಟ್ಟ. ತಾನೂ ಒಂದು ಹಿಡಿ ತಿಂದು ಹೋದ.

ಆ ತಿಂಗಳುಗಳಲ್ಲಿ ಮುದ್ರಣಾಲಯ ನಡೆಸಿದ ಹುಡುಗರಿಗೆ ಸಂಬಳದ ಜೊತೆ ಇದನ್ನೂ ಸೇರಿಸಿ ಕೊಡುತ್ತಿದ್ದೇನೆ: ನಾನು ಕರಡು ನೋಡದೆ ಅಚ್ಚಾದ ಲಗ್ನಪತ್ರಿಕೆಗಳಲ್ಲಿ ಒಂದೇ ಒಂದು ತಪ್ಪಿಲ್ಲ. ಹೊಳಲ್ಕೆರೆಯ ವಧುವಿನ ಸೋದರಮಾವ ಮೊಬೈಲಿನಲ್ಲೇ ಕರಡು ತಿದ್ದಿ, ‘ನೀವು ಅಕ್ಕನವರನ್ನು ನೋಡಿಕೊಳ್ಳಿ, ಒತ್ತಕ್ಷರ ನಾನು ನೋಡಿಕೊಳ್ಳುತ್ತೇನೆ’ ಎಂದು ಸಂದೇಶ ಕಳುಹಿಸಿದ್ದರು. ಪಾರಿವಾಳದ ರಕ್ತ ಹಚ್ಚಿಸಿ ಎಂದು ಫೋನ್ ಮಾಡಿದ ಬಂಧುಗಳಿಗೂ ಧನ್ಯವಾದ, ಪ್ರೀತಿಯಿಂದಲೇ ಹೇಳಿದಿರಿ. ಪಾರಿವಾಳಗಳು ಕ್ಷೇಮವಾಗಿವೆ.

ಹೆತ್ತವರಿಂದ ಎಲ್ಲವೂ ಬರಲಿ ಎಂದೇನೂ ಇಲ್ಲ. ದಾವಣಗೆರೆಯ ವೈದ್ಯರು ‘ನಿಮ್ಮ ತಂದೆ ತಾಯಿಗೆ ಬಿಪಿ ಇತ್ತೇ, ಲಕ್ವ ಆಗಿತ್ತೇ’ ಎಂದು ಹೆಂಡತಿಯನ್ನು ಕೇಳಿದಾಗ ಅವಳು ಮಂಚದಲ್ಲೇ ತಲೆಯಾಡಿಸಿದಳು. ಮಾವನವರು ಹೋದದ್ದು ಅದರಿಂದಲೇ. ನಮ್ಮವ್ವನಿಗೂ ಬಿಪಿ ಇತ್ತು. ‘ಪಿತ್ತ, ತಲೆ ಸುತ್ತುತ್ತಿದೆ’ ಎಂದು ಇನ್ನೊಂದು ಹೋಳು ನಿಂಬೆಕಾಯಿ ಉಪ್ಪಿನಕಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವ್ವನ ಕೈ ಎಲ್ಲದರಲ್ಲೂ ಬಿಗಿ, ಉಪ್ಪಿನಲ್ಲಿ ಮಾತ್ರ ಧಾರಾಳ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಒಂದು ಟೀ ಚಮಚಕ್ಕೂ ಕಡಿಮೆ. ಅವ್ವನ ಒಂದು ಊಟಕ್ಕೂ ಅದು ಸಾಲುತ್ತಿರಲಿಲ್ಲ. ಮಗಳು ಬಿಪಿ ನೋಡುವ ಯಂತ್ರ ತಂದು ಮನೆಯವರೆಲ್ಲರ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತಾಳೆ. ಈಚೆಗೆ ನೋಡಿದೆ, ಬರೆಯುವಾಗ ಕನ್ನಡಕ ಹಣೆಯ ಮೇಲಿರುತ್ತದೆ. ನಾನೇನೂ ಹೇಳಲಿಲ್ಲ.

ಕೊನೆಯದಾಗಿ ಡಬ್ಬಿಗಳು. ತಿಂಗಳುಗಟ್ಟಲೆ ಓಣಿಯ ಒಂದಲ್ಲ ಒಂದು ಮನೆಯಿಂದ ಸಾರು, ಪಲ್ಯ, ಮುದ್ದೆ, ಮೆತ್ತನೆಯ ಅನ್ನ ಬಂದಿದೆ. ಬರಿಯ ಪಾತ್ರೆ ಹಿಂದಕ್ಕೆ ಕೊಡಬಾರದು ಎಂಬುದು ಅವ್ವನ ಕಟ್ಟಳೆ. ಏನೂ ಇಲ್ಲದ ದಿನ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳುಹಿಸುತ್ತಿದ್ದಳು. ನಾನು ಆಗ ಪಾತ್ರೆ ತೊಳೆಯುವುದರಲ್ಲೇ ಸುಸ್ತಾಗಿದ್ದೆ, ತುಂಬಿಸಲು ಕೈ ಸಾಗಲಿಲ್ಲ. ಈಗ ಹೆಂಡತಿ ಸುಲಿದ ಶೇಂಗಾದ ಚಟ್ನಿಪುಡಿ ಕುಟ್ಟಿ ಒಂದೊಂದನ್ನೇ ತಲುಪಿಸುತ್ತಿದ್ದೇನೆ. ಹೆಸರು ಕೆತ್ತಿಸಿದ್ದ ಪಾತ್ರೆಗಳೆಲ್ಲ ಯಜಮಾನರನ್ನು ಸೇರಿವೆ. ಉಳಿದಿರುವುದು ಮೂರಂತಸ್ತಿನ ಒಂದು ಕ್ಯಾರಿಯರ್ (ನಡುವಿನ ಡಬ್ಬಿಗೆ ಸಣ್ಣ ನೆಗ್ಗು), ನೀಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ‘ಗೃಹಪ್ರವೇಶದ ನೆನಪಿಗೆ’ ಎಂದು ಮಾತ್ರ ಕೆತ್ತಿರುವ ಸ್ಟೀಲ್ ಬೋಗುಣಿ. ಯಾರ ಗೃಹಪ್ರವೇಶವೋ ಓಣಿಯಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲ. ನಿಮ್ಮದಾಗಿದ್ದರೆ ಸಂಜೆ ಆರರ ಮೇಲೆ ಬನ್ನಿ, ಇಬ್ಬರೂ ಮನೆಯಲ್ಲೇ ಇರುತ್ತೇವೆ. ಚಟ್ನಿಪುಡಿಗೆ ಉಪ್ಪು ಕಡಿಮೆ ಹಾಕಿದ್ದೇನೆ. ಸಾಲದಿದ್ದರೆ ನಿಮ್ಮ ಮನೆಯಲ್ಲಿ ಹಾಕಿಕೊಳ್ಳಿ, ನರ್ಸಮ್ಮನ ಕಣ್ಣಿಗೆ ಬೀಳದಂತೆ.